ಅಳದೆ ಹೇಳು

ಡಿಸೆಂಬರ್ 3

ಇವತ್ತೂ ಅದೇ ಪಾಠ. ಮಕ್ಕಳ ವಾರ್ಡಿನ ಸಿಸ್ಟರ್ ಲಿಸ್ಸಿ ಡಾಕ್ಟರ ಕುರ್ಚಿಯಲ್ಲಿ ಗತ್ತಿನಿಂದ ಕೂತು, "ಏನಮ್ಮ ತೊಂದ್ರೆ?" ಅಂದರು. ಒಪ್ಪಿಸಿದೆ — ಹೆಸರು ಹವ್ರಾ. ಹುಟ್ಟಿನಿಂದ ಸಿಕಲ್ ಸೆಲ್, ರಕ್ತದ ಕಾಯಿಲೆ. ನೋವು ಎದ್ದರೆ ಮಾರ್ಫಿನ್, ಇಷ್ಟು ಡೋಸ್. ಎಡಗೈಯಲ್ಲಿ ಸೂಜಿಗೆ ನರ ಸಿಗುವುದಿಲ್ಲ.

"ಅಳದೆ ಹೇಳು. ದೊಡ್ಡವರ ಕಡೆ ಅಮ್ಮನ್ನ ಯಾರೂ ಕೇಳಲ್ಲ ಕಣೇ. ನೀನೇ ಹೇಳ್ಬೇಕು."

ಹದಿನೆಂಟು ತುಂಬಿದರೆ ಮಕ್ಕಳ ವಾರ್ಡು ಬಿಟ್ಟು ಅತ್ತ ಹೋಗಬೇಕಂತೆ. ನನ್ನ ರಕ್ತಕ್ಕೇನು ಹುಟ್ಟುಹಬ್ಬ ಗೊತ್ತೆ?

ಡಿಸೆಂಬರ್ 19

ತುಂಬಿತು. ಉಮ್ಮಾ ವಾರ್ಡಿಗೆಲ್ಲ ಖರ್ಜೂರ ಹಂಚಿದಳು, ಮದುವೆ ಮನೆಯ ಹಾಗೆ. "ಎಷ್ಟೇ ನೋವಿರ್ಲಿ, ನನ್ನ ಮಗಳು ಬಾಯಿ ಬಿಡಲ್ಲ" — ಎಲ್ಲರಿಗೂ ಅದನ್ನೇ ಹೇಳಿಕೊಂಡು. ಬಿಟ್ಟರೆ ಜನರ ಮುಂದೆ ಅವಳ ಮರ್ಯಾದೆ ಹೋಗುತ್ತದಲ್ಲ. ಅದಕ್ಕೇ ಹಲ್ಲು ಕಚ್ಚಿಕೊಂಡು ಫೋನಿನಲ್ಲಿ ಇದನ್ನು ಬರೆಯುತ್ತ ಕೂರುತ್ತೇನೆ.

ಜನವರಿ 8

ನಮ್ಮ ಹುಫೂಫ್ ಊರಿನ ಹಾಳು ಮರುಭೂಮಿ ಚಳಿ. ಬೆಳಿಗ್ಗೆಯೇ ನೋವು ಎದ್ದಿತು — ತೊಡೆ, ಸೊಂಟ, ಎದೆ. ಮೊದಲ ಸಲ ದೊಡ್ಡವರ ಎಮರ್ಜೆನ್ಸಿ. ಡಾಕ್ಟರ್ ಫವಾಜ್ ಅಂತ ಒಬ್ಬ. ಕಲಿಸಿದ ಹಾಗೆಯೇ ಹೇಳಿದೆ. ಒಂದಕ್ಷರ ತಪ್ಪಲಿಲ್ಲ.

ನರ್ಸ್ ಕಡೆ ತಿರುಗಿ ನಕ್ಕ. "ಡೋಸ್ ಸಮೇತ ಬಾಯಿಪಾಠ! ಇದು ನೋವಲ್ಲ, ಚಟ." ಆಮೇಲೆ ನನಗೆ, "ನೋವಿರೋರು ಹೀಗೆ ಫೋನ್ ಒತ್ಕೊಂಡು ಕೂರ್ತಾರಾ? ಪ್ಯಾರಾಸಿಟಮಾಲ್ ಕೊಡ್ತಾರೆ, ತಗೊಂಡು ಕೂತಿರು."

ಕೂತೆ. ಮಧ್ಯಾಹ್ನದ ಬಾಂಗ್ ಆಯಿತು. ಅದರ ಮುಂದಿನದೂ ಆಯಿತು. ಕಾಲು ಉಳುಕಿದ ಒಬ್ಬಳು ಕೂಗಿ ಊರೆಲ್ಲ ಒಂದು ಮಾಡುತ್ತಿದ್ದಳು. ಅವಳಿಗೆ ಇಂಜೆಕ್ಷನ್ ಓಡಿ ಬಂತು.

"ಕೂಗೇ," ಅಂದಳು ಉಮ್ಮಾ. ಹೇಳುತ್ತಿರುವುದು ಯಾರು, ಇವಳಾ!

"ಬರಲ್ಲ ಉಮ್ಮಾ."

"ಬರಲ್ಲ ಅಂದ್ರೇನು? ಕೂಗೇ!"

ಬಾಯಿ ತೆರೆದೆ. ಬರೀ ಗಾಳಿ.

ಆಗ ಅವಳೇ ಶುರು ಮಾಡಿದಳು. ನೆಲಕ್ಕೆ ಕುಸಿದು, ಎದೆ ಬಡಿದುಕೊಂಡು. ಅಜ್ಜ ಸತ್ತಾಗಲೂ ಹಾಗೆ ಅತ್ತವಳಲ್ಲ. "ಸಾಯ್ತಾಳೆ! ನನ್ನ ಮಗಳು ಸಾಯ್ತಾಳೆ! ದೇವ್ರಿಗೆ ಹೆದರೋರು ಯಾರೂ ಇಲ್ವಾ ಇಲ್ಲಿ!" ಗಂಡಸರೆಲ್ಲ ಇಣುಕಿದರು.

ಮಾರ್ಫಿನ್ ಬಂತು.

ಜನವರಿ 12

ಹೆಂಗಸರ ವಾರ್ಡು. ಕಾಯಿಲೆ ಶ್ವಾಸಕೋಶಕ್ಕೂ ಹತ್ತಿತ್ತಂತೆ. ಇನ್ನೂ ಸ್ವಲ್ಪ ತಡವಾಗಿದ್ದರೆ... ಎಂದು ಇಲ್ಲಿನ ಡಾಕ್ಟರ್ ಮಾತು ನುಂಗಿದರು. ಕೂಗಿ ಕೂಗಿ ಉಮ್ಮಾಳ ದನಿ ಹೋಗಿದೆ. ಯಾರ ಮುಖವನ್ನೂ ನೋಡುತ್ತಿಲ್ಲ.

ಲಿಸ್ಸಿ ಬಂದಿದ್ದರು. "ಸರಿಯಾಗಿ ಹೇಳಿದ್ಯಾ?"

"ಸರಿಯಾಗೇ ಹೇಳ್ದೆ. ಅದಕ್ಕೇ ಕೊಡ್ಲಿಲ್ಲ."

ಪಾಪ, ಕಣ್ಣು ಒರೆಸಿಕೊಂಡರು. ನನಗೇನೂ ಮರುಕ ಬರಲಿಲ್ಲ. ಫವಾಜ್‌ನನ್ನು ದ್ವೇಷಿಸುತ್ತೇನೆ. ಅವನಿಗಿಂತ ಮೊದಲು, ನನಗೆ ಧೈರ್ಯ ಕಲಿಸಿದವರನ್ನು.

ಫೆಬ್ರವರಿ 2

ಮನೆಯಲ್ಲಿ ಯಾರೂ ಇಲ್ಲ ಅಂದುಕೊಂಡು ಬಚ್ಚಲಲ್ಲಿ ನಲ್ಲಿ ಬಿಟ್ಟು ಕೂಗಿ ನೋಡಿದೆ. ಬೆಕ್ಕಿನ ಮರಿ ಕೂಗಿದ ಹಾಗಿತ್ತು. ನನಗೇ ನಗು ಬಂತು. ಮತ್ತೆ ಕೂಗಿದೆ.

ಬಾಗಿಲಾಚೆಯಿಂದ ಉಮ್ಮಾಳ ಒಡಕು ದನಿ: "ಇನ್ನೂ ಜೋರಾಗಿ."

ಫೆಬ್ರವರಿ 20, ಸಂಜೆ

ಎಮರ್ಜೆನ್ಸಿ. ಎದೆ. ಉಮ್ಮಾಳನ್ನು ಒಳಗೆ ಬಿಟ್ಟಿಲ್ಲ — ಹೋದ ಸಲ ಗಲಾಟೆ ಮಾಡಿದವಳಂತೆ. ಅದೇ ಫವಾಜ್. ನೋಡಿದ. ಇತ್ತಲೇ ಬರುತ್ತಿದ್ದಾನೆ. ಡೋಸ್ ಹೇಳುವುದಿಲ್ಲ. ಮಾರ್ಫಿನ್ ಎನ್ನುವುದಿಲ್ಲ. ಮೊದಲು ಫೋನು ಕೆಳಗಿಡಬೇಕು. ಆಮೇಲೆ ಬಾಯಿ ತೆರೆದು —