ಎರಡನೇ ಸಹಿ

ಸೆಪ್ಟೆಂಬರ್ 14, ಶನಿವಾರ

ಇವತ್ತು ಅರವತ್ತಮೂರು ಜನ. ಬೆಳಿಗ್ಗೆ ಆರಕ್ಕೇ ಚಾರಣದ ಗೇಟಿನ ಮುಂದೆ ಮೂರು ಟೆಂಪೋ ಟ್ರಾವೆಲರ್ ನಿಂತಿದ್ದವು. ಬಿಳಿ ಶೂ ಹಾಕಿಕೊಂಡು ಸಂಡೂರಿನ ಕೆಂಪು ಮಣ್ಣಿಗೆ ಬರುತ್ತಾರೆ, ಸಂಜೆ ಶೂ ನೋಡಿ ನನ್ನ ಮೇಲೆ ಸಿಟ್ಟಾಗುತ್ತಾರೆ. ಗುಡ್ಡವನ್ನು ನಾನೇ ಮಾಡಿದೆನೇ? ಒಬ್ಬಳಂತೂ, “ಮೇಡಂ, ವ್ಯೂ ಪಾಯಿಂಟಲ್ಲಿ ಮೋಡ ಎಷ್ಟು ಗಂಟೆಗೆ ಸರಿಯುತ್ತೆ?” ಎಂದಳು. ಫೋನ್ ಮಾಡಿ ಕೇಳುತ್ತೇನೆ ಎನ್ನಬೇಕೆಂದಿದ್ದೆ. ಅನ್ನಲಿಲ್ಲ. ರಿವ್ಯೂ ಬರೆದುಬಿಡುತ್ತಾರೆ.

ರಿಜಿಸ್ಟರ್ ಮಾತ್ರ ನೀಟಾಗಿದೆ. ಹತ್ತುವಾಗ ಒಂದು ಸಹಿ, ಇಳಿದ ಮೇಲೆ ಒಂದು ಸಹಿ — ಅದು ರೂಲ್. ಆದರೆ ದಾರಿ ಇಳಿಯುವುದು ಗುಡ್ಡದ ಆಚೆ ಕಡೆ. ದಣಿದವರು ಒಂದು ಸಹಿಗಾಗಿ ಎರಡು ಕಿಲೋಮೀಟರ್ ನಡೆದು ಗೇಟಿಗೆ ಬರುತ್ತಾರೆಯೇ? ಅಲ್ಲೇ ಬಸ್ ಹತ್ತಿ ಹೊರಟುಬಿಡುತ್ತಾರೆ. ಖಾಲಿ ಕಾಲಂ ಕಂಡರೆ ಸೂಪರ್‌ವೈಸರ್ ವೀರೇಶ್ ಸರ್ ಬೈಗುಳ. ಅದಕ್ಕೇ ಜೂನ್‌ನಿಂದ ಬೆಳಿಗ್ಗೆಯೇ ಎರಡೂ ಸಹಿ ಹಾಕಿಸಿಕೊಳ್ಳುತ್ತಿದ್ದೇನೆ. ಸಂಜೆ ಟೈಮ್ ಮಾತ್ರ ನಾನೇ ತುಂಬುವುದು. “ಹೇಮಾವತಿ ಬಂದಮ್ಯಾಗ ಬುಕ್ ಭಾಳ ಚಲೋ ಐತಿ ನೋಡ್ರಿ” ಎಂದು ಸರ್ ಇವತ್ತು ಎಲ್ಲರೆದುರು ಹೊಗಳಿದರು. ಖುಷಿಯಾಯಿತು. ಯಾಕೆ ಸುಳ್ಳು ಹೇಳಲಿ.

ಸೆಪ್ಟೆಂಬರ್ 15, ಭಾನುವಾರ

ತೊಂಬತ್ತೊಂದು ಜನ. ದಿನವಿಡೀ ಮಂಜು, ಮಧ್ಯಾಹ್ನದಿಂದ ಮಳೆ. ಚಹಾ ಕುಡಿಯಲೂ ಪುರುಸೊತ್ತಿಲ್ಲ.

ಕಂಪ್ಲಿಯಿಂದ ಒಬ್ಬ ಹಿರಿಯರು ಒಬ್ಬರೇ ಬಂದಿದ್ದರು. ಸಿದ್ದಲಿಂಗೇಶ್. ಅಕ್ಕಿ ಗಿರಣಿಯಲ್ಲಿ ಗುಮಾಸ್ತರಾಗಿದ್ದರಂತೆ, ಈಗ ರಿಟೈರ್ಡ್. ಗೈಡ್ ಗಾಳೆಪ್ಪ ಮಾವ ಒಂದು ಗುಂಪು ಕರೆದುಕೊಂಡು ಹೊರಟಿದ್ದ, ಅವರ ಜೊತೆ ಹೋಗಿರಿ ಎಂದೆ.

“ಅವರ ಗದ್ಲ ನನಗ ಬ್ಯಾಡವಾ. ಹಿಂದಿಂದ ನಿಧಾನ ಹೊಕ್ಕೀನಿ. ಹಕ್ಕಿ ನೋಡ್ಬೇಕು.”

“ದಾರಿ ಬಿಡಬ್ಯಾಡ್ರಿ ಮತ್ತ.”

“ಇಲ್ಲ ಬಿಡು. ಮಗಳೂ ಇದನ್ನ ಹೇಳ್ಯಾಳ.”

ಎರಡೂ ಸಹಿ ಹಾಕಿದರು. ಮುತ್ತಿನಂಥ ಅಕ್ಷರ.

ಸಂಜೆ ಐದಕ್ಕೆ ಸರಸರನೆ ತೊಂಬತ್ತೊಂದು ಸಾಲಿಗೂ 4.45 ಎಂದು ಬರೆದು ಗೇಟಿಗೆ ಬೀಗ ಹಾಕಿದೆ. ಕೈ ನೋವು.

ಸೆಪ್ಟೆಂಬರ್ 17, ಮಂಗಳವಾರ

ನಿನ್ನೆ ಗೇಟಿಗೆ ರಜೆ. ಇವತ್ತು ಹತ್ತು ಗಂಟೆಗೆ ವೀರೇಶ್ ಸರ್‌ಗೆ ಫೋನ್ ಬಂತು. ಕಂಪ್ಲಿಯಿಂದ. ಹೆಣ್ಣು ದನಿ. ಭಾನುವಾರ ಬಂದ ಅಪ್ಪ ಮನೆಗೆ ಬಂದಿಲ್ಲ.

ಸರ್ ರಿಜಿಸ್ಟರ್ ತೆರೆದರು. “ಇಳಿದಾರಲ್ರಿ ಮೇಡಂ. 4.45. ಸಹಿ ಐತಿ. ನೀವು ಹೊಸಪೇಟಿ ಬಸ್‌ಸ್ಟ್ಯಾಂಡ್ ಕಡೆ ನೋಡ್ರಿ.”

ನಾನು ಪಕ್ಕದಲ್ಲೇ ನಿಂತಿದ್ದೆ. ಸರ್, ಆ ಸಹಿ ಬೆಳಿಗ್ಗೆಯದು — ಇಷ್ಟೇ ಮಾತು. ಮೂರು ಸಲ ಬಾಯಿ ತೆರೆದೆ, ಮುಚ್ಚಿದೆ. ಇಳಿದೇ ಇರಬಹುದಲ್ಲ? ಯಾರದೋ ನೆಂಟರ ಮನೆಗೆ ಹೋಗಿರಬಹುದಲ್ಲ? ಗಣಿ ಆಫೀಸಿನ ಕೆಲಸ ಹೋದ ಮೇಲೆ ಎರಡು ವರ್ಷ ಮನೆಯಲ್ಲಿ ಕೂತವಳು ನಾನು. ಇಲ್ಲಿ ಜನ ಮೇಡಂ ಎನ್ನುತ್ತಾರೆ.

ಪೊಲೀಸರಿಗೂ ಸರ್ ಅದೇ ಹೇಳಿದರು. ಗುಡ್ಡದ ಮೇಲೆ ಯಾರೂ ಹುಡುಕುತ್ತಿಲ್ಲ. ಯಾಕೆ ಹುಡುಕುತ್ತಾರೆ? ಇಳಿದಿದ್ದಾರೆ ಎಂದು ನಾನು ಬರೆದಿದ್ದೇನಲ್ಲ.

ಸೆಪ್ಟೆಂಬರ್ 18, ಬುಧವಾರ

ಮಗಳು ಬಂದಿದ್ದಳು. ಶಾಂಭವಿ. ನನಗಿಂತ ಚಿಕ್ಕವಳು. ರಿಜಿಸ್ಟರ್ ಕೇಳಿ ಸಹಿಯ ಮೇಲೆ ಬೆರಳಾಡಿಸಿದಳು. “ಅಪ್ಪಾಜಿದ ಸಹಿನ ರೀ. ಗುಡ್ಡದಾಗ ಸಿಕ್ಕೊಂಡಿಲ್ಲ ಅಂತಾತು. ಅರ್ಧ ಜೀವ ಬಂತು ನೋಡ್ರಿ ಅಕ್ಕಾರ.” ನನ್ನ ಕೈ ಹಿಡಿದು ಥ್ಯಾಂಕ್ಸ್ ಹೇಳಿದಳು. ಹಂಪಿಯಲ್ಲಿ ಹೊಳೆ ದಂಡೆಯಲ್ಲಿ ಹುಡುಕುತ್ತೇನೆ ಎಂದು ಹೊರಟಳು. ನಾನು ನೀರು ಕೊಟ್ಟೆ. ನೀರು!

ಮಧ್ಯಾಹ್ನ ಗಾಳೆಪ್ಪ ಮಾವನನ್ನು ಗೇಟಿನ ಹಿಂದಕ್ಕೆ ಕರೆದು, ಸುಮ್ಮನೆ ಒಂದು ಸುತ್ತು ಮೇಲೆ ಹೋಗಿ ಬಾ ಎಂದೆ. ಮುಖ ನೋಡಿದ. ಹೋದ. ಐದಕ್ಕೆ ತೊಯ್ದು ತೊಪ್ಪೆಯಾಗಿ ಬಂದ.

“ಎಷ್ಟ್ ಕೊರಕಲು ಅದಾವು ಗೊತ್ತೇನವಾ? ಮಳಿ ಸಪ್ಪಳಕ್ಕ ನಾ ಕೂಗಿದ್ದು ನನಗ ಕೇಳ್ಸಲಿಲ್ಲ. ನಲವತ್ತೈವತ್ತು ಮಂದಿ ಬೇಕು. ಅಷ್ಟ್ ಮಂದಿ ಬರ್ಬೇಕಂದ್ರ ಯಾರಾರ ಖರೇ ಹೇಳ್ಬೇಕು.”

ಗೊತ್ತಾಗಿದೆ ಅವನಿಗೆ.

ಸೆಪ್ಟೆಂಬರ್ 19, ಗುರುವಾರ

ಸರ್‌ಗೆ ಹೇಳಿದೆ. ಮುಖ ಕಪ್ಪಿಟ್ಟಿತು. “ಹುಚ್ಚೇನ್ ನಿನಗ? ರಿಜಿಸ್ಟರ್ ಜೆರಾಕ್ಸ್ ಸ್ಟೇಷನ್ನಿಗೆ ಕೊಟ್ಟೀನಿ. ಟೈಮ್ ಬರೆದಿದ್ದು ಯಾರ ಕೈ? ನೋಡ್ಕೋ ಮತ್ತ.”

ನೋಡಿಕೊಂಡೆ. ಸುಮ್ಮನೆ ಮನೆಗೆ ಬಂದೆ. ಅನ್ನ ಸೇರಲಿಲ್ಲ. ನನ್ನಂಥ ಹೇಡಿ ಇಲ್ಲ.

ಸೆಪ್ಟೆಂಬರ್ 20, ಶುಕ್ರವಾರ. ಬೆಳಿಗ್ಗೆ 7

ಫೋನ್ ಮಾಡಿದೆ. ಶಾಂಭವಿಗೇ. ಹೇಳಿದೆ — ಎರಡೂ ಸಹಿ ಬೆಳಿಗ್ಗೆಯೇ ಹಾಕಿಸಿದ್ದು, ಇಳಿದದ್ದು ನಾನು ನೋಡಿಲ್ಲ. ಆಕೆ ಕೇಳಿದ್ದು ಒಂದೇ — “ಇಷ್ಟ್ ದಿನ ಯಾಕ ಹೇಳ್ಲಿಲ್ರಿ?”

“ನಿನ್ನಿ ಸಂಜೀಕ ನೆನಪಾತ್ರಿ” ಎಂದುಬಿಟ್ಟೆ.

ಬಾಯಿಂದ ತಾನಾಗಿಯೇ ಬಂತು. ತಿದ್ದಿ ಹೇಳುವಷ್ಟರಲ್ಲಿ ಆಕೆ ಫೋನ್ ಇಟ್ಟಿದ್ದಳು.

ಸೆಪ್ಟೆಂಬರ್ 22, ಭಾನುವಾರ

ಸಿಕ್ಕರು.

ಅರವತ್ತು ಜನ ಎರಡು ದಿನ ಹುಡುಕಿದರು. ಗಾಳೆಪ್ಪ ಮಾವನೇ ಮೊದಲು ಕಂಡದ್ದು. ಮೂರನೇ ತಿರುವಿನ ಕೆಳಗೆ, ಕೊರಕಲಿನಲ್ಲಿ. ಕಾಲು ಮುರಿದಿತ್ತಂತೆ. ಬಂಡೆಗೆ ಒರಗಿ ಕೂತಂತೆಯೇ ಇದ್ದರಂತೆ. ಊಟದ ಡಬ್ಬಿಯ ಮುಚ್ಚಳ ಮಳೆನೀರಿಗೆ ಇಟ್ಟಿದ್ದರಂತೆ.

ಬರೆಯಲು ಆಗುತ್ತಿಲ್ಲ.

ಸೆಪ್ಟೆಂಬರ್ 25, ಬುಧವಾರ. ಸಂಜೆ 4

ಗೇಟ್ ಮುಚ್ಚಿದ್ದಾರೆ. ನಾನು ಸಸ್ಪೆಂಡ್. ಇರಲಿ.

ಗಾಳೆಪ್ಪ ಮಾವ ಬಂದು ಹೇಳಿ ಹೋದ. ಪೋಸ್ಟ್‌ಮಾರ್ಟಂ ಮಾಡಿದ ಡಾಕ್ಟರು, ಗುರುವಾರದ ತನಕ ಜೀವ ಇದ್ದಿರಬೇಕು ಎಂದರಂತೆ. ಗುರುವಾರ. ನನಗೆ ಗೊತ್ತಾದದ್ದು ಮಂಗಳವಾರ ಹತ್ತು ಗಂಟೆಗೆ.

ಶಾಂಭವಿ ಪೊಲೀಸರಿಗೆ ನನ್ನ ಬಗ್ಗೆ ಹೇಳಿದ್ದು ಒಂದೇ ಮಾತಂತೆ. ‘ಪಾಪ, ನೆನಪಾದ ಕೂಡಲೇ ಫೋನ್ ಮಾಡಿದರು.’ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸರ್ ಬಾಯಿ ಬಿಡುವುದಿಲ್ಲ, ಬಿಟ್ಟರೆ ಅವರಿಗೂ ಕುತ್ತು. ಮಾವ ಯಾರಿಗೂ ಹೇಳುವವನಲ್ಲ. ಮಂಗಳವಾರವೇ ಗೊತ್ತಿತ್ತು ಎಂದು ಇರುವುದು ಈ ಡೈರಿಯಲ್ಲಿ ಮಾತ್ರ. ಒಂದು ಹಾಳೆ. ಒಲೆ ಉರಿಯುತ್ತಲೇ ಇದೆ. ಆಗಿನಿಂದ ಎರಡು ಸಲ ಎದ್ದು ಕೂತೆ.

ಹೊರಗೆ ಆಟೋ ನಿಂತಿತು. ಕಿಟಕಿಯಿಂದ ನೋಡಿದೆ — ಶಾಂಭವಿ. ಒಬ್ಬಳೇ. ಮನೆ ನಂಬರ್ ಹುಡುಕುತ್ತಿದ್ದಾಳೆ. ಈಗ ಚಪ್ಪಲಿ ಬಿಡುತ್ತಿದ್ದಾಳೆ. ಒಳಗೆ ಕರೆದು, ಕೂರಿಸಿ... ಬೇಡ, ಹೊಸ್ತಿಲಲ್ಲೇ ಹೇಳಿಬಿಡಬೇಕು, ಆಕೆ ನನ್ನ ಕೈ ಹಿಡಿಯುವ ಮೊದಲು. ಮಂಗಳವಾರವೇ ಗೊತ್ತಿತ್ತು ತಂಗಿ, ನಿಮ್ಮ ಅಪ್ಪ ಇನ್ನೂ —