ಎಂಬತ್ತೆರಡರ ಗಲ್ಲಿ

ಮಾರ್ಚ್ ೧೪, ಶುಕ್ರವಾರ, ಸೈಗಾನ್

ತೆರೆಯಿತು! ನಿದ್ದೆ ಬರುವಂತಿಲ್ಲ, ಬರೆದೇ ಮಲಗುತ್ತೇನೆ.

ಅಪ್ಪನ ಪಂಜರದಂಗಡಿಯ ವೆಬ್‌ಸೈಟ್ ಚೆನ್ನಾಗಿಯೇ ಇದೆ. ಅದರೊಳಗೆ ‘ಹಕ್ಕಿ’ ಅಂತ ಒಂದು ಫೋಲ್ಡರ್ ಮಾಡಿ, ಅವರ ಬರಹಗಳಿಗೆಂದು ಬ್ಲಾಗ್ ಹಾಕಿದ್ದೆ. ಶೀರ್ಷಿಕೆಗಳೆಲ್ಲ ಕಾಣುತ್ತಿದ್ದವು, ಯಾವುದನ್ನು ಒತ್ತಿದರೂ ‘ಪುಟ ಸಿಗಲಿಲ್ಲ’. ನಾಳೆ ಬೆಳಿಗ್ಗೆ ಹಕ್ಕಿ ಸಾಕುವವರೆಲ್ಲ ಕಾಫಿಗೆ ಸೇರಿದಾಗ ತೋರಿಸುತ್ತೇನೆಂದು ಅಪ್ಪ ಊರಿಗೆಲ್ಲ ಸಾರಿಬಿಟ್ಟಿದ್ದಾರೆ.

“ಇಷ್ಟೊತ್ತಿಗೆ ನಾನು ಪಂಜರ ಹೆಣೆದು, ಹಕ್ಕಿಗೆ ಹಾಡೂ ಕಲಿಸಿಬಿಡ್ತಿದ್ದೆ ಕಣೆ” ಅಂತ ಸಂಜೆಯೂ ಚುಚ್ಚಿದರು.

ಅಷ್ಟರಲ್ಲಿ ಅವರಿಗೆ ಫೋನ್ ಬಂತು. ಬಿದಿರು ತಂದವನು ಮುಖ್ಯರಸ್ತೆಯ ಆರನೇ ಮನೆಯ ಮುಂದೆ ನಿಂತು ಬೈಯುತ್ತಿದ್ದ. ಅಪ್ಪನೂ ಕೂಗಿದರು: “ಬರೀ ಆರಲ್ಲಯ್ಯ! ಎಂಬತ್ತೆರಡು, ಓರೆಗೀಟು, ಆರು! ಮೊದ್ಲು ಎಂಬತ್ತೆರಡರ ಗಲ್ಲಿಗೆ ನುಗ್ಗು, ಆಮೇಲೆ ಆರು ಹುಡುಕು!”

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ನನ್ನ ಬ್ಲಾಗೂ ಬರಹಗಳನ್ನು ಮುಖ್ಯರಸ್ತೆಯಲ್ಲೇ ಹುಡುಕುತ್ತಿತ್ತು! ಸೆಟ್ಟಿಂಗ್ಸಿನ ವಿಳಾಸದಲ್ಲಿ ಬರೀ ಓರೆಗೀಟಿತ್ತು, ಫೋಲ್ಡರಿನ ಹೆಸರೇ ಇರಲಿಲ್ಲ. ಸೇರಿಸಿದೆ. ಒತ್ತಿದೆ. ಅಪ್ಪನ ಮೊದಲ ಬರಹ ತೆರೆದುಕೊಂಡಿತು. ನಾನು ಕಿರುಚಿದ್ದಕ್ಕೆ ಪಂಜರದ ಪಿಕಳಾರ ಬೆಚ್ಚಿಬಿತ್ತು.

ಅದನ್ನು ಅಪ್ಪ ಕಳೆದ ವಾರವೇ ಬರೆದಿದ್ದರು, ನಾನು ಓದಿರಲಿಲ್ಲ. ಮೊದಲ ಸಾಲು: “ಈ ಬ್ಲಾಗನ್ನು ನನ್ನ ಮಗಳು ಥುಯ್ ಒಂದೇ ಏಟಿಗೆ ಕಟ್ಟಿಕೊಟ್ಟಳು.”

ಇದನ್ನು ತಿದ್ದಲೇ ಅಂತ ಕೇಳಿದೆ.

“ಯಾಕೆ, ಅದ್ರಲ್ಲೇನು ತಪ್ಪಿದೆ?” ಅಂದರು, ಹಕ್ಕಿಯ ಕಡೆ ತಿರುಗಿಕೊಂಡು. ಆಮೇಲೆ ನಾನು ಆ ಸಾಲನ್ನು ಹಾಗೇ ಬಿಟ್ಟು ಕಂಪ್ಯೂಟರ್ ಮುಚ್ಚಿದೆ.