ಮೃತರ ಪಟ್ಟಿಯಲ್ಲಿ ನನ್ನ ಹೆಸರು

ಶಿರ್ತಾಡಿ
೧೧ ನವೆಂಬರ್ ೧೯೬೧

ಪ್ರೀತಿಯ ಪ್ರಫುಲ್ಲಾ,

ಕಾದಂಬರಿಯ ಕೊನೆಯ ಅಧ್ಯಾಯ ಇದರೊಂದಿಗೆ ಉಂಟು. ನಿನ್ನ ಸಂಪಾದಕರ ಗೊಣಗಾಟ ಇನ್ನು ನಿಲ್ಲಬಹುದು. ನನ್ನದೊಂದು ಬೇಡಿಕೆ. ಈ ಸಲ ಸೆರಾಫಿನ್ ಎಂದು ಅಚ್ಚು ಹಾಕಬೇಡ, ಬೆನೆಡಿಕ್ಟಾ ಎಂದೇ ಹಾಕು.

ಸೆರಾಫಿನ್ ಎಂಬುದು ನನ್ನ ಅಕ್ಕನ ಹೆಸರೆಂದು ನಿನಗೆ ಹೇಳಿದ್ದೆ. ಅವಳು ತೀರಿಹೋಗಿ ಹನ್ನೊಂದು ವರ್ಷವಾಯಿತೆಂದು ಹೇಳಿರಲಿಲ್ಲ. ಮದುವೆಯಾಗದವಳು ಪ್ರೇಮದ ಕತೆ ಬರೆದರೆ ಇಗರ್ಜಿಯ ಅಂಗಳದಲ್ಲಿ ಏನೆಲ್ಲ ಮಾತು ಹುಟ್ಟುತ್ತದೆಂದು ನಿನಗೆ ತಿಳಿಯದು. ಸತ್ತವಳನ್ನು ಯಾರೂ ಬೈಯುವುದಿಲ್ಲ ಎಂದುಕೊಂಡೆ. ಇನ್ನು ಬಂಟ್ವಾಳದ ನೆರೆ, ಬೆಳ್ತಂಗಡಿಯಲ್ಲಿ ಮಗುಚಿದ ಬಸ್ಸು ಎಂದು ನಾನು ಓಡಾಡಿ ತರುವ ಸುದ್ದಿಗೆ ನೀವು ಹಾಕುವುದು ‘ನಮ್ಮ ಬಾತ್ಮೀದಾರರಿಂದ’ ಎಂದು. ಇಷ್ಟು ವರ್ಷ ಬರೆದರೂ ನನ್ನ ಹೆಸರು ಎಲ್ಲಿಯೂ ಅಚ್ಚಾಗಿಲ್ಲ.

ಅಮ್ಮನಿಗೆ ಓದು ಬಾರದು. ನಾನಿಲ್ಲದಾಗ ಪಕ್ಕದ ಮನೆಗೆ ಹೊಸದಾಗಿ ಬಂದ ಲೋಕಯ್ಯ ಮಾಸ್ಟರು ನಿಮ್ಮ ಪತ್ರಿಕೆಯನ್ನು ಬರೆದವರ ಹೆಸರಿನ ಸಮೇತ ಓದಿ ಹೇಳುತ್ತಿದ್ದರಂತೆ. ಇದು ನನಗೆ ಗೊತ್ತಿರಲಿಲ್ಲ.

ನವೆಂಬರ್ ಎರಡು ನಮ್ಮಲ್ಲಿ ಸತ್ತವರ ದಿನ. ಪ್ರತಿ ಮನೆಯವರೂ ತೀರಿಹೋದವರ ಹೆಸರು ಬರೆದು ಪಾದ್ರಿಗಳಿಗೆ ಕೊಡುತ್ತಾರೆ. ಪಾದ್ರಿಗಳು ಅದನ್ನು ಪೂಜೆಯಲ್ಲಿ ಓದುತ್ತಾರೆ, ಜನ ಪ್ರತಿ ಹೆಸರಿಗೂ ಶಾಂತಿ ಕೋರುತ್ತಾರೆ. ನಮ್ಮ ಪಟ್ಟಿ ಬರೆಯುವುದು ಯಾವಾಗಲೂ ನಾನು. ಈ ಸಲ ಸುದ್ದಿಗೆಂದು ಹೊರಗೆ ಹೋಗಿದ್ದೆ, ಅಮ್ಮ ಮಾಸ್ಟರರಿಂದ ಬರೆಸಿದರು. ಪಾದ್ರಿಗಳು ಗಡಿಬಿಡಿಯಲ್ಲಿ ಓದುತ್ತಾ ಹೋದರು. ಅಪ್ಪನ ಹೆಸರು ಬಂತು, ಅಜ್ಜಿಯದು ಬಂತು, ಆಮೇಲೆ ಬೆನೆಡಿಕ್ಟಾ. ಎಲ್ಲರೊಂದಿಗೆ ನಾನೂ ಶಾಂತಿ ಕೋರಿದೆ. ಹೇಳಿ ಮುಗಿದ ಮೇಲೆ ಅದು ನನ್ನದೇ ಹೆಸರೆಂದು ಹೊಳೆಯಿತು. ಅಕ್ಕನ ಹೆಸರು ಬರಲೇ ಇಲ್ಲ.

ಮಾಸ್ಟರರು ತಪ್ಪಿ ಬರೆದರೇ ಎಂದು ಅಮ್ಮನನ್ನು ಕೇಳಿದೆ. ಕೋಳಿಗೆ ನುಚ್ಚು ಹಾಕುತ್ತಾ ಅವರು, “ನಾನೇ ಹೇಳಿ ಬರೆಸಿದ್ದು. ಸೆರಾಫಿನ್ ವಾರವಾರ ಬರೀತಾಳೆ. ಬೆನೆಡಿಕ್ಟಾಳದ್ದು ಒಂದು ಅಕ್ಷರವೂ ಇಲ್ಲಂತೆ” ಎಂದರು. ಮತ್ತೆ ನನ್ನ ಮುಖ ನೋಡಿ, “ಊಟಕ್ಕೆ ಬಾ ಸೆರಾಫಿನ್” ಎಂದರು.

ಅರಳುಮರಳು ಎನ್ನಬೇಡ, ಉಳಿದದ್ದೆಲ್ಲ ಸರಿ ಉಂಟು. ಮೊದಲು ತಿದ್ದಿ ತಿದ್ದಿ ಹೇಳಿದೆ. ಈಗ ನಾಲ್ಕು ದಿನದಿಂದ ಆ ಹೆಸರಿಗೆ ಓಗೊಡುತ್ತಿದ್ದೇನೆ. ನಿನ್ನೆ ಮೂಡುಬಿದಿರೆಯಲ್ಲಿ ಕಾಗದದ ಅಂಗಡಿಯ ಹನೀಫಾ “ಬೆನೆಡಿಕ್ಟಾ ಬಾಯಮ್ಮ” ಎಂದು ಎರಡು ಸಲ ಕೂಗಿದರೂ ನಾನು ತಿರುಗಲಿಲ್ಲ. ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಎಂದುಕೊಂಡೆ. ನನಗೆ ಹೆದರಿಕೆಯಾಗುತ್ತದೆ, ಪ್ರಫುಲ್ಲಾ.

ಅಚ್ಚಾದ ನನ್ನ ಹೆಸರನ್ನು ಮಾಸ್ಟರು ಗಟ್ಟಿಯಾಗಿ ಓದಲಿ. ಅಮ್ಮ ನನ್ನನ್ನು ಬದುಕಿರುವವರಲ್ಲಿ ಸೇರಿಸಲಿ. ಇನ್ನು ಅಕ್ಕನ ಹೆಸರಿಗೆ ಓಗೊಡುವುದಿಲ್ಲ ಎಂದು ನಿಶ್ಚಯಿಸಿದ್ದೇನೆ.

ನಿನ್ನ ಗೆಳತಿ,
ಬೆನೆಡಿಕ್ಟಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಮ್ಮ ಅಂಗಳದಿಂದ ಸೆರಾಫಿನ್ ಎಂದು ಕರೆದರು. ನಾನು ತುಟಿ ಕಚ್ಚಿ ಕುಳಿತೆ. ಅಡುಗೆಮನೆಯಿಂದ “ಬಂದೆ ಅಮ್ಮಾ” ಎಂದು ದನಿ ಕೇಳಿಸಿತು. ಮನೆಯಲ್ಲಿರುವುದು ನಾವಿಬ್ಬರೇ. ಈಗ ಅಂಗಳದಲ್ಲಿ ಅಮ್ಮ ಮಾತಾಡುತ್ತಾ ನಗುತ್ತಿದ್ದಾರೆ. ಹನ್ನೊಂದು ವರ್ಷದಿಂದ ನಾನು ಆ ನಗು ಕೇಳಿಲ್ಲ. ಹೆಸರು ಬದಲಿಸಬೇಡ, ಸೆರಾಫಿನ್ ಎಂದೇ ಇರಲಿ.